ಎರಡನೇ ಓದಿಗೆ ಕತ್ತರಿ

ನಮ್ಮ ಬೀದಿಯಲ್ಲಿ ಕೂದಲು ಕತ್ತರಿಸುವವರಿಗೆ ಮಕ್ಕಳೆಲ್ಲ ಇಟ್ಟ ಹೆಸರು ಕತ್ತರಿ ಮಾವ. ಅಂಗಡಿಯಲ್ಲಿ ಒಂದೇ ಕುರ್ಚಿ, ಒಂದು ಕನ್ನಡಿ, ಎಣ್ಣೆ ಬಾಟಲಿಗಳ ಪಕ್ಕ, ಕತ್ತರಿಸುವಾಗ ಮಕ್ಕಳಿಗೆ ಓದಿ ಹೇಳೋಕೆ ಒಂದು ಸಾಲು ಚಿತ್ರಪುಸ್ತಕ. ನಾನು ಅವರ ಪಕ್ಕಾ ಅಭಿಮಾನಿ, ಮೊದಲೇ ಹೇಳಿಬಿಡ್ತೀನಿ!

ಪುಸ್ತಕ ಆರಿಸೋದರಲ್ಲಿ ಮಾವ ಬಲು ಕಟ್ಟುನಿಟ್ಟು. ಹೊಸದು ಸಿಕ್ಕರೆ ಮೊದಲು ತಾವೇ ಗಿರಾಕಿ ಕುರ್ಚಿಯಲ್ಲಿ ಕೂತು ಓದುತ್ತಾರೆ. ಹೊಟ್ಟೆ ಹುಣ್ಣಾಗುವಷ್ಟು ನಗಿಸುವಂಥದ್ದು ಬೇಡ, ಮಗುವಿನ ತಲೆ ಅಲ್ಲಾಡುತ್ತೆ. ಪುಟಕ್ಕೊಂದು ಬುದ್ಧಿಮಾತೂ ಬೇಡ. "ಮಗು ಆಕಳಿಸುತ್ತೆ, ತಲೆ ಹಿಂದಕ್ಕೆ, ನನ್ ಕತ್ತರಿ ಕಿವಿಗೆ!" ಅನ್ನುತ್ತಾರೆ. ಮಗುವಿಗೆ ಮೊದಲ ಸಲ ಓದುವಾಗ ಕತ್ತರಿ ಡ್ರಾಯರಿನಲ್ಲೇ ಇರುತ್ತೆ. ಮಗು ತಾನಾಗೇ "ಇನ್ನೊಂದ್ಸಲ" ಅಂದರೆ ಮಾತ್ರ ಹೊರಗೆ. ಅನ್ನದಿದ್ದರೆ ಪುಸ್ತಕ ಫೇಲು, ಮಗು ಮನೆಗೆ.

ನನ್ನ ಪುಟ್ಟ ತಂಗಿಯನ್ನು ಹಿಂದೊಮ್ಮೆ ಬೇರೊಂದು ಅಂಗಡಿಯಲ್ಲಿ ಅದುಮಿ ಹಿಡಿದು ಕೂದಲು ಕತ್ತರಿಸಿದ್ದರು. ಆಮೇಲೆ ಕತ್ತರಿ ಸದ್ದು ಕೇಳಿದರೆ ಸಾಕು, ಕಿರುಚಾಟ. ಈ ಸಲ ಆಟದಲ್ಲಿ ತಲೆಗೆ ಅಂಟು ಮೆತ್ತಿಕೊಂಡು ಕೂದಲು ಕಲ್ಲಾಗಿತ್ತು, ಮಾವನ ಅಂಗಡಿಗೆ ಕರೆತಂದೆವು.

"ಇಲ್ಲಿ ಆಗ್ಲಿಲ್ವಾ, ಮನೇಲಿ ನಾನೂ ನಿಮ್ಮಪ್ಪಾನೂ ಹಿಡ್ಕೊಂಡು ಕತ್ತರಿಸೋದೇ," ಅಂದಳು ಅಮ್ಮ. ತಂಗಿಯ ಉಗುರು ನನ್ನ ಅಂಗೈಗೆ ಇಳಿಯಿತು.

ಅಮ್ಮ ತಂದಿದ್ದ ಒಳ್ಳೆ ಹುಡುಗಿಯ ಕಥೆಯನ್ನು ತಂಗಿ ಎರಡೇ ಪುಟಕ್ಕೆ ಮುಚ್ಚಿದಳು.

"ನಂಗೂ ಹಂಗೇ ಅನ್ನಿಸ್ತು ಬಿಡವ್ವಾ," ಅಂದರು ಮಾವ.

ಮಲಗಲು ಜಾಗ ಹುಡುಕುವ ಆನೆಯ ಪುಸ್ತಕ ತೆಗೆದರು. ಕೊನೆಯವರೆಗೂ ಓದಿದರು. ತಂಗಿ "ಇನ್ನೊಂದ್ಸಲ" ಅನ್ನಲಿಲ್ಲ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಗಡ್ಡದ ತಾತ ಒಬ್ಬರು ಗೊಣಗಿದರು: "ಇದೇನ್ ಅಂಗಡಿನೋ, ಶಾಲೆನೋ? ನನ್ ಗಡ್ಡ ಮೊಳಕಾಲಿಗೆ ಬರುತ್ತೆ ಇನ್ನು!"

ಅಮ್ಮ ಎದ್ದಳು. ಮಾವ ಕೈಯಲ್ಲೇ 'ಇರಮ್ಮಾ' ಅಂದರು.

ತಂಗಿ ಮೆಲ್ಲಗೆ ಪುಟ ಹಿಂದಕ್ಕೆ ತಿರುಗಿಸಿದಳು. ಬಾವಿಕಟ್ಟೆಯ ಮೇಲೆ ಮುದುಡಿ ಮಲಗಿದ್ದ ಆನೆಯ ಮೇಲೆ ಬೆರಳಿಟ್ಟಳು. "ಇದಕ್ಕೆ ಭಯ ಆಗಲ್ವಾ?"

"ಆಗುತ್ತೆ. ಅದಕ್ಕೇ ಕಿವಿ ಮುಚ್ಕೊಂಡಿದೆ ನೋಡು."

ತಂಗಿ ಮೊದಲ ಪುಟಕ್ಕೇ ಹೋದಳು. "ಮೊದ್ಲಿಂದ ಹೇಳಿ."

ಡ್ರಾಯರ್ ತೆರೆಯಿತು. ಮೊದಲ ಕಚಕ್ ಸದ್ದಿಗೆ ತಂಗಿಯ ಭುಜ ಬಿಗಿಯಾಯಿತು. ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು, ಆದರೆ ಕಣ್ಣು ಪುಸ್ತಕ ಬಿಡಲಿಲ್ಲ. ಅವಳ ಪರವಾಗಿ ಪುಟ ತಿರುಗಿಸಿದವರು ಯಾರು ಗೊತ್ತಾ? ಗಡ್ಡದ ತಾತ! ಅಂಟಿನ ಗಂಟು ಪಟ್ಟನೆ ನೆಲಕ್ಕೆ ಬಿತ್ತು. ಯಾರೂ ಅವಳನ್ನು ಹಿಡಿದಿರಲಿಲ್ಲ.

ಅಮ್ಮ ಮಾವನಿಗೆ ಕೈ ಮುಗಿದಳು. "ನಿಮ್ಮ ಉಪಕಾರ..." ಅಂತ ಶುರು ಮಾಡಿದಳು.

"ನಂಗ್ಯಾಕಮ್ಮಾ, ಆನೆಗೆ ಹೇಳಿ," ಅಂದರು ಮಾವ.

ಆನೆಗೂ ಥ್ಯಾಂಕ್ಸ್ ಹೇಳಿದೆವು. ಆದರೆ ಆ ಆನೆಯನ್ನು ಹುಡುಕಿ ತಂದವರಿಗೆ ನಾನು ಇವತ್ತಿಗೂ ಹೇಳುತ್ತಲೇ ಇದ್ದೇನೆ.