ಅತ್ತೆ ಉಪ್ಪು ಹಾಕಿದ ಬಾಟಲಿಗಳು

ಆ ದಿನ ಬೆಳಿಗ್ಗೆ ದೋಸೆ ಎರೆದೆ. ನೆನೆಹಾಕಿದ್ದ ಬಟ್ಟೆ ಒಗೆದೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದೆ. ಅತ್ತೆಯ ಕನ್ನಡಕದ ಕಡ್ಡಿ ಸರಿಮಾಡಿಸಲು ಕೊಪ್ಪ ಪೇಟೆಗೆ ಹೋಗಿ, ಬರುವಾಗ ಕಲ್ಲುಪ್ಪು ತಂದೆ. ಇಷ್ಟು ಬೇಗ ಉಪ್ಪು ಖಾಲಿಯಾದದ್ದು ಹೇಗೆ ಎಂದು ಯೋಚಿಸಲೇ ಇಲ್ಲ.

ರಜೆಗೆ ಬಂದಿದ್ದ ಮಗಳು ಅಡುಗೆಮನೆಯ ಕಿಟಕಿಯಲ್ಲಿ ಐದು ಗಾಜಿನ ಬಾಟಲಿ ಸಾಲಾಗಿ ಇಟ್ಟಿದ್ದಳು. ಎಲ್ಲದರಲ್ಲೂ ಮಾವಿನ ಮಿಡಿ. ಉಪ್ಪು ಮಾತ್ರ ಒಂದೊಂದಕ್ಕೆ ಒಂದೊಂದು ಅಳತೆ. ಎಷ್ಟು ಉಪ್ಪಿಗೆ ಮಿಡಿ ಎಷ್ಟು ನೀರು ಬಿಡುತ್ತದೆ ಎಂದು ದಿನವೂ ತೂಗಿ ಬರೆದು, ಕೊನೆಗೆ ವರದಿ ಒಪ್ಪಿಸಬೇಕು. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಅವಳು ಓದುತ್ತಿದ್ದದ್ದು ಪಿಯುಸಿ ಅಲ್ಲ, ಹೊರದೇಶದ ಕಾಲೇಜುಗಳೂ ಒಪ್ಪುವ ಎರಡು ವರ್ಷದ ಕೋರ್ಸು. ಅಲ್ಲಿ ಪ್ರಯೋಗದ ಪ್ರಶ್ನೆಯನ್ನೂ ಮಕ್ಕಳೇ ಹುಡುಕಿಕೊಳ್ಳಬೇಕಂತೆ. ನಮ್ಮನೆಯವರಿಗೆ ಇದು ಸರಿಬಂದಿರಲಿಲ್ಲ.

"ಉಪ್ಪಿನಕಾಯಿ ಹಾಕೂಕೆ ಮಂಗಳೂರಿಗೆ ಹೋಗ್ಬೇಕಿತ್ತಾ ಮಾರಾಯ್ತಿ? ಈ ವರದಿ ಕೆಟ್ರೆ ಜೂನಿಗೆ ಕೊಪ್ಪದ ಕಾಲೇಜೇ ಸೈ," ಎಂದು ಹೇಳಿಬಿಟ್ಟಿದ್ದರು.

ಮಧ್ಯಾಹ್ನ ತೂಗಲು ಕೂತವಳು "ಅಮ್ಮಾ!" ಎಂದು ಕೂಗಿದ ರೀತಿಗೆ ನನ್ನ ಕೈಯಲ್ಲಿದ್ದ ಸೌಟು ಬಿತ್ತು. ಕಡಿಮೆ ಉಪ್ಪಿನ ಬಾಟಲಿಗಳಲ್ಲೂ ಬೆಳ್ಳಗೆ ಉಪ್ಪು ಕೂತಿತ್ತು.

"ನಾನೇ ಹಾಕಿದ್ದು ಕೂಸೆ," ಜಗಲಿಯಿಂದ ಅತ್ತೆ ಹೇಳಿದರು, ಮೆಚ್ಚುಗೆಗೆ ಕಾಯುವವರ ಹಾಗೆ. "ನೀ ಕೆಲವಕ್ಕೆ ಉಪ್ಪು ಮರ್ತಿದ್ದೆ. ಮಿಡಿ ಕೊಳ್ತು ಹೋಗ್ತಿತ್ತು. ಎಲ್ಲಾ ಸಮ ಮಾಡಿದೀನಿ."

ಅತ್ತೆಯನ್ನು ಬೈಯುವುದಾದರೂ ಹೇಗೆ? ಉಪ್ಪು ಸಾಲದ ಮಿಡಿಯನ್ನು ಕಂಡೂ ಸುಮ್ಮನಿರುವ ಹೆಂಗಸು ನಮ್ಮ ಕಡೆ ಇಲ್ಲ.

"ಅದಕ್ಕೆಂತ?" ಎಂದರು ನಮ್ಮನೆಯವರು. "ನಿನ್ನೆವರೆಗಿನ ತೂಕ ಇದ್ಯಲ್ಲ, ಅದೇ ಅಂದಾಜಲ್ಲಿ ಉಳಿದಿದ್ದು ಬರ್ದುಬಿಡು. ಯಾರು ನೋಡೂಕೆ ಬರ್ತಾರೆ? ನಾವೆಲ್ಲ ಪ್ರಾಕ್ಟಿಕಲ್ ರೆಕಾರ್ಡು ಹಾಂಗೇ ಬರ್ದಿದ್ದು."

"ತೂಗದೇ ಇದ್ದಿದ್ದನ್ನ ತೂಗಿದೆ ಅಂತ ಬರೆಯೂಕಾಗಲ್ಲ ಅಪ್ಪ. ಅಜ್ಜಿ ಉಪ್ಪು ಹಾಕಿದ್ರು ಅಂತಲೇ ಬರೀತೀನಿ. ಎಲ್ಲಿ ತಪ್ಪಿತು, ಮತ್ತೆ ಮಾಡಿದ್ರೆ ಹ್ಯಾಂಗೆ ಮಾಡ್ತೀನಿ ಅಂತ ಬರೆದ್ರೆ ಅದಕ್ಕೂ ಮಾರ್ಕಿದೆ."

"ಕೆಟ್ಟಿದ್ದಕ್ಕೂ ಮಾರ್ಕಾ!" ಎಂದರು ನಮ್ಮನೆಯವರು.

"ಹಾಂಗಾರೆ ನಂಗೇ ಫಸ್ಟ್ ಕ್ಲಾಸು ಕೊಡ್ಲಿ," ಎಂದರು ಅತ್ತೆ.

ನನಗೆ ನಗು ಬರಲಿಲ್ಲ. ಹತ್ತನೇ ಕ್ಲಾಸಿನ ತನಕ ಒಂದು ಮಾರ್ಕು ಹೋದರೆ ಊಟ ಬಿಡುತ್ತಿದ್ದ ಹುಡುಗಿ ಇವಳೇನಾ? ಮಂಗಳೂರಿನ ಓದೇ ನಿಲ್ಲಬಹುದೆಂದು ಗೊತ್ತಿದ್ದೂ, ಅಳದೆ, ಅಪ್ಪನೆದುರು "ಆಗಲ್ಲ" ಅಂದಳು. ಅದನ್ನು ನಾವು ಕಲಿಸಿರಲಿಲ್ಲ. ಆಮೇಲೆ ಅಜ್ಜಿಯ ಪಕ್ಕ ಕೂತು, "ಯಾವ ಬಾಟಲಿಗೆ ಎಷ್ಟು ಮುಷ್ಟಿ ಹಾಕಿದ್ರಿ?" ಎಂದು ಕೇಳಿ ಬರೆದುಕೊಳ್ಳತೊಡಗಿದಳು.

ನಮ್ಮನೆಯವರು ಅವರಿಬ್ಬರನ್ನೇ ನೋಡುತ್ತ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿ, ಕೊನೆಗೆ ಮಿಡಿ ಕಳಿಸಿದ್ದ, ಬೇಗಾರಿನಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿದರು.

"ಹಲೋ, ಮಿಡಿ ಇನ್ನೂ ಇದ್ಯಾ? ನಾಳೆ ಬರ್ತೀನಿ... ಅಲ್ಲ ಮಾರಾಯ, ಉಪ್ಪಿನಕಾಯಿಗಲ್ಲ. ಕೂಸಿನ ಓದಿಗೆ. ಕೊಪ್ಪದ ಕಾಲೇಜಾ? ಇಲ್ಲ, ಅವಳು ಅಲ್ಲೇ ಮುಂದುವರಿಸ್ತಾಳೆ."

ಸೌಟು ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸುವುದನ್ನೇ ಮರೆತೆ.

ರಾತ್ರಿಗೆ ಅನ್ನ, ಒಂದೆಲಗದ ತಂಬುಳಿ, ನೆಂಚಿಕೊಳ್ಳಲು ಅತ್ತೆ ಸಮ ಮಾಡಿದ ಮಿಡಿ. ಬಾಯಿಗಿಡಲಾಗದಷ್ಟು ಉಪ್ಪು. ಅತ್ತೆ ಮಾತ್ರ ಎರಡು ಹಾಕಿಸಿಕೊಂಡು ಉಂಡರು. ಮೊದಲು ಮಲಗಿದ್ದೂ ಅವರೇ.