ನಾನು ನೀರು ಹೊಡೆದ ಗೋಡೆ

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆ ಕಟ್ಟುವಾಗ ಗೋಡೆಗೆ ನೀರು ಹೊಡೆದವಳು ನಾನು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ನಿಂತರೆ ಸಿಮೆಂಟು ತೊಯ್ದು ತೊಟ್ಟಿಕ್ಕುವವರೆಗೆ ಬಿಡುತ್ತಿರಲಿಲ್ಲ. ಇವತ್ತಿಗೂ ಆ ಮನೆಯಲ್ಲಿ ಒಂದು ಬಿರುಕಿಲ್ಲ. "ಇದು ನಮ್ಮ ಕೆಲ್ಸ ಅಲ್ರಿ ಅಕ್ಕಾರೆ, ನಿಮ್ಮ ನೀರು" ಎಂದು ಮೇಸ್ತ್ರಿಯೇ ಹೇಳಿದ್ದ. ಆ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದು ನೆಂಟರಿಷ್ಟರನ್ನು ಕೇಳಬೇಕು. ಕಟ್ಟಡದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯ ನನ್ನದು.

ಹರಿಹರದಿಂದ ಉಕ್ಕಡಗಾತ್ರಿಗೆ ಹೋಗುವ ಕಡೆ, ಹೊಳೆಗೆ ಹತ್ತಿರದ ಒಂದು ಹಳ್ಳಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಅವಳ ಮಹಿಳಾ ಸಂಘದವರು ಸಭೆ ಸೇರಲು ಒಂದು ಕೋಣೆಯನ್ನು ಮಣ್ಣಿನಲ್ಲೇ, ತಮ್ಮ ಕೈಯಲ್ಲೇ ಕಟ್ಟಿಕೊಳ್ಳಲು ಹೊರಟಿದ್ದರು. ಕಳೆದ ಬೇಸಿಗೆಯಲ್ಲಿ ಅಕ್ಕ ಫೋನು ಮಾಡಿ, "ಎಂಟು ದಿನ ಬಾರೇ, ಕೈ ಸಾಲ್ತಿಲ್ಲ" ಎಂದಳು. ಕರೆಯುವುದನ್ನೇ ಕಾಯುತ್ತಿದ್ದವಳಂತೆ ಹೊರಟೆ.

ಕೆಲಸ ಕಲಿಸುತ್ತಿದ್ದವಳು ಅಕ್ಕನ ಓಣಿಯ ಅಜ್ಜಿ. ಎಪ್ಪತ್ತು ದಾಟಿದೆ. ಪ್ರಾಯದಲ್ಲಿ ಗಂಡನ ಜೊತೆ ಊರೂರು ತಿರುಗಿ ಮಣ್ಣಿನ ಗೋಡೆ ಹಾಕಿದವಳು. ಸಿಮೆಂಟು ಬಂದ ಮೇಲೆ ಮೂವತ್ತು ವರ್ಷ ಅವಳನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ನಮ್ಮ ಭಾವನಿಗಂತೂ ಅವಳ ಮೇಲೆ ನಂಬಿಕೆಯೇ ಇಲ್ಲ. ಸಂಘದವರ ಎದುರಿಗೇ ಪಂಥ ಹಾಕಿದ್ದರು: "ಮೊದ್ಲು ಒಂದು ಗೋಡೆ ಎದೆಮಟ ಎಬ್ಬಿಸ್ರಿ. ನಿಂತ್ರೆ ಮಣ್ಣು. ಬಿದ್ರೆ ನಾನೇ ಸಿಮೆಂಟ್ ಇಟ್ಟಿಗೆ ಇಳಿಸ್ತೀನಿ, ಸುಮ್ನೆ ಕಟ್ಟಿಸ್ಕಳ್ರಿ." ಸಂಘ ಒಪ್ಪಿತು. ಅಜ್ಜಿ ಎಲೆಅಡಿಕೆ ಉಗುಳಿ ಬಂದು, "ನಿಲ್ತೈತೆ" ಎಂದಳಂತೆ, ಅಷ್ಟೇ.

ನಾನು ಹೋದ ದಿನ ಅಜ್ಜಿ ಮಣ್ಣನ್ನು ನಾಲಿಗೆಯ ಮೇಲಿಟ್ಟು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದಳು. ಎರೆಮಣ್ಣು ಬರೀ ಅಂಟು, ಒಣಗಿದರೆ ಬಿರಿಯುತ್ತದೆ. ಹಲ್ಲಿಗೆ ಮರಳು ಕರಕರ ಸಿಕ್ಕಬೇಕು. ಕೆಮ್ಮಣ್ಣು, ಸ್ವಲ್ಪ ಮರಳು, ಕತ್ತರಿಸಿದ ಭತ್ತದ ಹುಲ್ಲು ಹಾಕಿ, ನೀರು ಚಿಮುಕಿಸಿ ಸೀರೆ ಎತ್ತಿಕಟ್ಟಿ ತುಳಿದೆವು. ಆಮೇಲೆ ಗೋಡೆಗೆ ಪೇರಿಸಲು ಮಣ್ಣಿನ ಮುದ್ದೆ. ಮುದ್ದೆ ಕಟ್ಟುವುದನ್ನು ನನಗೆ ಹೇಳಿಕೊಡಬೇಕೆ? ನನ್ನ ಮುದ್ದೆಗಳನ್ನು ತಿರುಗಿಸಿ ನೋಡಿದ ಅಜ್ಜಿ, ಕಲ್ಲಿನ ಪಾಯದ ಮೇಲೆ ಬಾಗಿಲ ಬದಿಯ ಮೊದಲ ಗೋಡೆಯನ್ನು ತೋರಿಸಿ, "ಇದು ನಿಂದು ನೋಡವ್ವ" ಎಂದಳು. ಪಂಥದ ಗೋಡೆಯೇ ನನ್ನ ಪಾಲಿಗೆ ಬಂತು. ನನಗೆ ಹೆಮ್ಮೆಯೋ ಹೆಮ್ಮೆ.

ಒಂದು ದಿನಕ್ಕೆ ಒಂದು ಮೊಳ ಎತ್ತರ, ಅದರ ಮೇಲೆ ಎರಡು ದಿನ ಮುಟ್ಟುವ ಹಾಗಿಲ್ಲ, ಇದು ಅಜ್ಜಿಯ ಕಟ್ಟಳೆ. ಆ ಎರಡು ದಿನ ನನಗೆ ತಡೆಯಲಾಗಲಿಲ್ಲ. ಹರಿಹರದ ಬಿಸಿಲಿಗೆ ಗೋಡೆ ಬೆಳ್ಳಗೆ ಒಣಗುತ್ತಿದೆ, ಯಾರೂ ಒಂದು ತಂಬಿಗೆ ನೀರು ಹಾಕುತ್ತಿಲ್ಲ! ವಯಸ್ಸಾಗಿದೆ, ಅಜ್ಜಿಗೆ ಮರೆತುಹೋಗಿರಬೇಕು ಎಂದುಕೊಂಡೆ. ಕೇಳಿ ಮಾಡುವ ಅಭ್ಯಾಸ ನನಗಿಲ್ಲ. ಎರಡೂ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ನಲ್ಲಿಯಿಂದ ಕೊಡಗಟ್ಟಲೆ ನೀರು ಹೊತ್ತು ಗೋಡೆಗೆ ಸುರಿದೆ. ಕೆಲಸಕ್ಕೆ ಜನ ಸೇರುವ ಹೊತ್ತಿಗೆ ಹೊರಮೈ ಒಣಗಿ ಬೆಳ್ಳಗಾಗಿರುತ್ತಿತ್ತು. ಒಳಗೆ ಕೂತ ನೀರು ಯಾರಿಗೂ ಕಾಣಲಿಲ್ಲ.

ನಾಲ್ಕನೆಯ ದಿನ ಎರಡನೆಯ ಮೊಳ ಏರಿಸಿದೆವು. ಮಧ್ಯಾಹ್ನ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಅಕ್ಕ, "ಗೋಡೆಗೆ ಹೊಟ್ಟೆ ಬಂದೈತಲ್ಲೇ" ಎಂದಳು. ನಾವು ಏಳುವಷ್ಟರಲ್ಲಿ ಅದು ಜರಿದು ನೆಲಕ್ಕೆ ಕೂತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇಟ್ಟಿಗೆಗೆ ಹೇಳಲು ಭಾವ ಆಗಲೇ ಫೋನು ತೆಗೆದಿದ್ದರು. "ಅಜ್ಜಿಗೆ ವಯಸ್ಸಾತು, ಅದ್ರ ತಪ್ಪಲ್ಲ ಬಿಡ್ರಿ" ಎನ್ನುವ ದೊಡ್ಡತನ ಬೇರೆ. ಅಜ್ಜಿ ಕುಕ್ಕರುಗಾಲಲ್ಲಿ ಕೂತು ಬಿದ್ದ ಮಣ್ಣಿನ ಒಂದು ಹೆಂಟೆ ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು.

"ಇಷ್ಟು ನೀರು ಹಾಕಿದ್ನಾ ನಾನು?" ಎಂದು ತನಗೆ ತಾನೇ ಕೇಳಿಕೊಂಡಳು. "ಕೈ ಮರ್ತೈತೆ. ನಾ ಒಪ್ಕಾಬಾರ್ದಿತ್ತು."

ಆಗ ಗೊತ್ತಾಯಿತು ನನಗೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವಳು ಅಜ್ಜಿ. ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಯ ಬಸ್ಸಿಗೆ ದಾವಣಗೆರೆ ಸೇರಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ಹಾಗೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಜ್ಜಿ ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದಳು.

"ನೀರು ನಂದು ಅಜ್ಜಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಎರಡು ದಿನ ಬೆಳಿಗ್ಗೆ ನಾನೇ ಹೊಡದೀನಿ."

ಅಕ್ಕ ಹಣೆ ಚಚ್ಚಿಕೊಂಡಳು. ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ನಗಲಿಲ್ಲ.

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ರಿ. ನಮ್ಮನಿ ಸಿಮೆಂಟಿಗೆ ಹಂಗೇ ಹೊಡೀತಿದ್ದೆ."

"ಸಿಮೆಂಟು ನೀರು ಕುಡಿದು ಗಟ್ಟಿ ಆಗ್ತೈತೆ. ಮಣ್ಣು ನೀರು ಬಿಟ್ಟು ಗಟ್ಟಿ ಆಗ್ತೈತೆ" ಎಂದು ಅಜ್ಜಿ ಮಂಡಿಗೆ ಕೈ ಊರಿ ಎದ್ದಳು. ಧ್ವನಿ ಮೊದಲಿನಂತಾಗಿತ್ತು. ಭಾವನ ಕಡೆ ತಿರುಗಿ, "ಫೋನ್ ಒಳಗಿಡಪ್ಪ. ಗೋಡೆ ಬಿದ್ದಿಲ್ಲ, ಬೀಳ್ಸ್ಯಾರೆ" ಎಂದಳು. ಹೆಂಗಸರೆಲ್ಲ ಗೊಳ್ಳೆಂದರು. ಭಾವ ಫೋನು ಒಳಗಿಟ್ಟರು.

ನನ್ನನ್ನು ಗೋಡೆಯಿಂದ ತೆಗೆದು ಮಣ್ಣು ಹೊರಲು ಹಚ್ಚುತ್ತಾಳೆ ಎಂದುಕೊಂಡಿದ್ದೆ. "ಯಾಕ ನಿಂತಿ? ತುಳಿ" ಎಂದಳು. ಬಿದ್ದ ಸಿಮೆಂಟು ತಿಪ್ಪೆಗೆ ಹೋಗುತ್ತದೆ. ಬಿದ್ದ ಮಣ್ಣು ಮತ್ತೆ ಮಣ್ಣೇ. ಹೆಂಟೆಗಳನ್ನು ಆರಲು ಹರಡಿ, ಹುಲ್ಲು ಸೇರಿಸಿ, ಅದನ್ನೇ ತುಳಿದು, ಅದೇ ಮುದ್ದೆ ಕಟ್ಟಿ, ಅದೇ ಪಾಯದ ಮೇಲೆ ನಾನೇ ಹಾಕಿದೆ. ಎಂಟು ದಿನಕ್ಕೆಂದು ಹೋದವಳು ತಿಂಗಳು ನಿಂತೆ. ಕೊಡ ಮುಟ್ಟಲಿಲ್ಲ. ಪಂಥದ ಗೋಡೆ ಎದೆಮಟ ಬಂತು, ನಿಂತಿತು. ಅದರ ಹಿಂದೆ ಉಳಿದ ಮೂರು ಗೋಡೆಯೂ ಎದ್ದವು, ಹಂಚೂ ಏರಿತು.

ಈಗಲೂ ತಿಂಗಳಿಗೊಮ್ಮೆ ಸಂಘದ ಸಭೆಗೆ ಹೋಗುತ್ತೇನೆ, ನನಗೆ ಅಲ್ಲಿ ಏನೂ ಕೆಲಸವಿಲ್ಲದಿದ್ದರೂ. ಒರಗಿ ಕೂರಲು ಆ ಕೋಣೆಯಲ್ಲಿ ನಾಲ್ಕು ಗೋಡೆಗಳಿವೆ, ಮೂರನ್ನು ನನಗಿಂತ ಬುದ್ಧಿವಂತರು ಹಾಕಿದ್ದಾರೆ. ಅಜ್ಜಿ ಬಾಗಿಲು ದಾಟಿ ಒಳಗೆ ಬರುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ನನ್ನ ಗೋಡೆಗೇ ಬೆನ್ನು ಕೊಟ್ಟು ಕೂರುತ್ತಾಳೆ.