ಮೊದಲ ಪಂಕ್ತಿಯಲ್ಲಿ ಉಂಡವರು

ತೆಪ್ಪಲ ಜಜ್ಜಿದ ವಾಸನೆ ಬಂದರೆ ನನಗೆ ಮೊದಲು ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ಹಸಿವು ಆಮೇಲೆ. ನೀವು ನಮ್ಮ ಕಡೆಯವರಲ್ಲದಿದ್ದರೆ ತೆಪ್ಪಲ ಎಂದರೇನು ಎಂದು ಕೇಳಬಹುದು. ಕಾಡಿನ ಮರದ ಕಾಯಿ, ನೋಡಲು ಕಾಳುಮೆಣಸಿನ ಅಣ್ಣನ ಹಾಗಿರುತ್ತದೆ. ಬಂಗಡೆ ಸಾರಿಗೆ ನಾಲ್ಕು ಜಜ್ಜಿ ಹಾಕಿದರೆ ಸಾಕು, ನಾಲಿಗೆ ಸಣ್ಣಗೆ ಜುಮ್ಮೆನ್ನುತ್ತದೆ. ಇವತ್ತು ಬೆಳಿಗ್ಗೆ ಹೆಂಡತಿ ಒಳಗೆ ಅದನ್ನು ಜಜ್ಜುತ್ತಿದ್ದಳು, ನಾನು ಜಗುಲಿಯಲ್ಲಿ ಕೂತು ಕರಣೆಗೆ ಅಂಟಿದ ಸಿಮೆಂಟು ಕೆರೆಯುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಕೋಲೆಯ ಆ ಸಭಾಂಗಣ, ಆ ಚಪ್ಪಾಳೆ, ರಿಬ್ಬನ್ ಕಟ್ಟಿದ ಆ ಅಕ್ಕಿ ಚೀಲ ಎಲ್ಲ ಕಣ್ಣೆದುರು ಬಂದು ನಿಂತವು. ಎರಡು ವರ್ಷವಾಯಿತು. ಸಿಟ್ಟಿಗೆ ವಯಸ್ಸಾಗುವುದಿಲ್ಲ ಎಂದು ಕಾಣುತ್ತದೆ. ನನಗೆ ಮಾತ್ರ ಆಗುತ್ತಿದೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಚಿರೆಕಲ್ಲಿನ ಮೇಲೆ. ಕಾರವಾರದಿಂದ ಅಂಕೋಲೆಯ ತನಕ ಎಷ್ಟು ಮನೆಗಳಿಗೆ ಗೋಡೆ ಎಬ್ಬಿಸಿದ್ದೇನೋ. ಅಮದಳ್ಳಿಯ ಈ ನನ್ನ ಮನೆಯನ್ನಂತೂ ಬೇರೆಯವರ ಕೆಲಸ ಮುಗಿಸಿ ಬಂದು, ಸಂಜೆ ಬೆಳಕಿರುವ ತನಕ ಒಂದೊಂದು ವರಸೆ ಕಲ್ಲಿಡುತ್ತ ಕಟ್ಟಿದೆ. ಇದನ್ನೆಲ್ಲ ಬಂದವರೆದುರು ಹೇಳಬೇಡಿ ಎನ್ನುತ್ತಾಳೆ ಹೆಂಡತಿ. ನಾನು ಹೇಳದಿದ್ದರೆ ಯಾರು ಹೇಳಬೇಕು? ಗೋಡೆಗೆ ಬಾಯಿಲ್ಲ.

ಅಂಕೋಲೆಯಲ್ಲಿ ಕಾಲೇಜಿನ ಮಾಸ್ತರರೊಬ್ಬರಿದ್ದಾರೆ. ಅವರ ಮನೆ ಕಟ್ಟಿದ್ದು ನಾನೇ. ಕೆಲಸ ನಡೆದಷ್ಟು ದಿನವೂ ಮಧ್ಯಾಹ್ನ ಅವರ ಆಯಿ, ಅಂದರೆ ತಾಯಿ, ಬಡಿಸಿದ ಊಟ ಉಂಡವನು, ಹಾಗಾಗಿ ಸಲಿಗೆ ಹೆಚ್ಚು. ಒಂದು ದಿನ ಅವರ ಫೋನು ಬಂತು.

"ಮೇಸ್ತ್ರಿಗಳೆ, ಜರ್ಮನಿಯಿಂದ ಐದು ಮಂದಿ ಮಕ್ಕಳು ಬಂದಾರೆ. ನಮ್ಮ ದೇಶ ಹೆಂಗದೆ ಅಂತ ನೋಡಿ ಕಲಿಯೂಕೆ. ಒಂದು ಮಧ್ಯಾಹ್ನ ನಿಮ್ಮನೆಲಿ ಊಟ ಮಾಡ್ಸೂಕೆ ಆಗ್ತದಾ?"

"ಆಗದೇ ಎಂತಾ? ಕರ್ಕಂಡ್ ಬನ್ನಿ."

"ಒಂದೇ ಮಾತು. ಟೇಬಲ್ ಬೇಡ, ನೆಲದ ಮೇಲೆ ಕೂರ್ಸುವಾ. ಗ್ಯಾಸೂ ಬೇಡ. ಕಟ್ಟಿಗೆ ಒಲೆ ಆದ್ರೆ ಚಲೋ. ಅವ್ರಿಗೆ ನಮ್ಮ ಹಳ್ಳಿ ಕಾಣ್ಬೇಕಲ್ಲ."

ಅಮದಳ್ಳಿಯಲ್ಲಿ ಕೂತು ಅಮದಳ್ಳಿ ಕಾಣಿಸಲು ಮೇಜನ್ನು ಯಾಕೆ ಅಡಗಿಸಬೇಕು ಎಂದು ನಾನು ಅವತ್ತೇ ಕೇಳಬೇಕಿತ್ತು. ಓದಿದವರು ಹೇಳಿದ್ದು ಎಂದು ಸುಮ್ಮನಾದೆ. ಹೆಂಡತಿ ಸುಮ್ಮನಾಗಲಿಲ್ಲ. "ಗ್ಯಾಸಲ್ಲಿ ಬೇಯ್ಸಿದ್ರೆ ಬಂಗಡೆ ಬಂಗಡೆ ಅಲ್ದಾ? ಹೊಗೆ ತಿನ್ನೂದು ನನ್ನ ಕಣ್ಣು, ಮಾಸ್ತರ್ರದ್ದಲ್ಲ" ಎಂದು ಗ್ಯಾಸಿನಲ್ಲೇ ಬೇಯಿಸಿದಳು. ಮೇಜು ಮಾತ್ರ ಒಳಕೋಣೆ ಸೇರಿತು.

ಮಕ್ಕಳು ಬಂದರು. ಒಳ್ಳೆಯ ಮಕ್ಕಳು, ಸುಳ್ಳು ಹೇಳಬಾರದು. ಚಪ್ಪಲಿಯನ್ನು ಹೊರಗೇ ಬಿಟ್ಟರು, ನಮಸ್ಕಾರ ಎಂದರು. ಅವರಲ್ಲಿ ಲೇನಾ ಎಂಬ ಹುಡುಗಿ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಳು. ನನ್ನ ಹೆಂಡತಿ ಎರಡು ನಿಮಿಷದಲ್ಲಿ ಅವಳನ್ನು ಲೀಲಾ ಮಾಡಿಕೊಂಡು, ಕೈಗೊಂದು ತೆಪ್ಪಲ ಕೊಟ್ಟಳು. ಹುಡುಗಿ ಅದನ್ನು ಕಚ್ಚಿ, ತುಟಿ ಮುಟ್ಟಿ ನೋಡಿಕೊಂಡು ನಕ್ಕದ್ದೇ ನಕ್ಕದ್ದು.

ಸಾಲಾಗಿ ಕೂರಿಸಿ ಬಾಳೆಲೆ ಹಾಕಿದೆವು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ಇಸ್ವಾಣ ಮೀನು, ಕುಡಿಯಲು ಮುರುಗಲ ಹುಳಿಯ ಸೋಲ್‌ಕಡಿ. ಮಾಸ್ತರರೂ ಅವರ ಪಂಕ್ತಿಯಲ್ಲೇ ಕೂತರು. ನಾವಿಬ್ಬರೂ ಕೂರಲಿಲ್ಲ. ನಮ್ಮಲ್ಲಿ ಮನೆಗೆ ಬಂದವರು ಉಂಡು ಕೈ ತೊಳೆಯುವ ತನಕ ಮನೆಯವರು ಕೂರುವ ಪದ್ಧತಿಯಿಲ್ಲ. ಬಡಿಸುವವರೇ ಕೂತರೆ ಎಲೆ ನೋಡುವವರು ಯಾರು? ಸಾರು ಬೇಕೆಂದು ಬಂದವರು ಬಾಯಿ ಬಿಟ್ಟು ಕೇಳುವ ಹಾಗಾದರೆ ಆ ಮನೆಯ ಮಾನ ಹೋದಂತೆ.

ಮೊದಲು ಚೆನ್ನಾಗಿಯೇ ಉಂಡರು. ಆಮೇಲೆ ಏನಾಯಿತೋ, ಲೇನಾ ತಲೆಯೆತ್ತಿ ಹೆಂಡತಿಯನ್ನು ನೋಡಿದಳು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಆ ಮಾತು ಸಾಲಿನುದ್ದಕ್ಕೂ ಹೋಯಿತು. ಒಬ್ಬೊಬ್ಬರಾಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಸಾಕು, ಸಾಕು. ಅರ್ಧ ಬಂಗಡೆ, ಮುಟ್ಟದ ಇಸ್ವಾಣದ ತುಂಡು, ಒಂದು ಬದಿಗೆ ಒಪ್ಪವಾಗಿ ಸರಿಸಿಟ್ಟ ಅನ್ನ, ಎಲ್ಲವನ್ನೂ ಬಿಟ್ಟು ಎದ್ದರು.

ಎಲೆ ತೆಗೆಯುವಾಗ ಹೆಂಡತಿಯ ಮುಖ ನೋಡಲಾಗಲಿಲ್ಲ. "ಖಾರ ಆಯ್ತಾ? ಉಪ್ಪು ಕಡ್ಮೆ ಆಯ್ತಾ? ಮೀನಿಗೆ ವಾಸ್ನೆ ಬಂದಿತ್ತಾ?" ಎಂದು ಮಾಸ್ತರರನ್ನು ಕೇಳಿದಳು.

"ಇಲ್ಲ ವೈನಿ. ಅವ್ರು ಉಣ್ಣೂದೇ ಅಷ್ಟು" ಎಂದು ಅವರು ಬಾಯಿ ಒರೆಸಿಕೊಂಡರು. ಮೀನೆಲ್ಲ ಬೆಕ್ಕಿನ ಪಾಲಾಯಿತು. ಹೆಂಡತಿಯಂತೂ ದಿನಗಟ್ಟಲೆ ಅದೇ ಚಿಂತೆಯಲ್ಲಿದ್ದಳು. ಸಾರು ಕುದಿಸುವಾಗೆಲ್ಲ ಬಾಯಿಗೆ ಹಾಕಿ ನೋಡುವಳು, ನನ್ನ ಬಾಯಿಗೂ ಹಾಕುವಳು. "ಖರೇ ಹೇಳಿ, ಎಂತದೋ ಕೆಟ್ಟದೆ, ಅಲ್ದಾ?"

ಇಲ್ಲಿ ಒಂದು ಮಾತು ಹೇಳಬೇಕು. ಹೊಸ ಊರು ಕಂಡವರು ತಪ್ಪು ತಿಳಿಯುವುದು ದೊಡ್ಡ ಅಪರಾಧವಲ್ಲ. ನಾನು ಮೊದಲ ಸಲ ಗೋವೆಗೆ ಕೆಲಸಕ್ಕೆ ಹೋದದ್ದು ನತಾಲದ, ಅಂದರೆ ಕ್ರಿಸ್ಮಸ್ಸಿನ ಹೊತ್ತಿಗೆ. ಮನೆ ಮನೆಗೂ ನಕ್ಷತ್ರದ ದೀಪ, ಬೀದಿಯಲ್ಲೆಲ್ಲ ಹೊಸ ಬಟ್ಟೆ ತೊಟ್ಟವರು, ಎಲ್ಲಿ ನೋಡಿದರೂ ತಿಂಡಿ ಹಂಚುವವರು. ಗೋವೆಯವರು ವರ್ಷವಿಡೀ ಹೀಗೆಯೇ ಇರುತ್ತಾರೆ ಎಂದು ತಿಳಿದು, ಊರಿಗೆ ಬಂದು ಆಯಿಗೂ ಹಾಗೆಯೇ ಹೇಳಿದೆ. ಮಾಜಾಳಿಯಿಂದ ದಿನಾ ಗೋವೆಗೆ ಹೋಗಿಬರುವ ನಮ್ಮ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಬ್ಬ ಮುಗಿಲಿ, ಅವ್ರೂ ಗಂಜಿಯೇ ಉಣ್ಣೂದು, ಹುಚ್ಚಾ" ಎಂದ. ನನ್ನ ತಪ್ಪು ಅಲ್ಲಿಗೇ ಸತ್ತಿತು. ನನಗೆ ನಗುವ ಮಾವನಾದರೂ ಇದ್ದ. ಈ ಮಕ್ಕಳಿಗೆ ಮಾಸ್ತರರಿದ್ದರು.

ಮಕ್ಕಳು ಊರಿಗೆ ಮರಳುವ ಎರಡು ದಿನ ಮುಂಚೆ ಅಂಕೋಲೆಯ ಕಾಲೇಜಿನಲ್ಲಿ ಕಾರ್ಯಕ್ರಮವಿತ್ತು. ಹೊರದೇಶದ ಮಕ್ಕಳು ಭಾರತದ ಮೊದಲ ನೋಟವನ್ನು ಹೇಳುತ್ತಾರಂತೆ, ಊಟ ಹಾಕಿದವರಿಗೆ ಸನ್ಮಾನವೂ ಇದೆಯಂತೆ. ನಾನು ಇಸ್ತ್ರಿ ಅಂಗಿ ಹಾಕಿದೆ. ಹೆಂಡತಿ ಮಗಳ ಮದುವೆಯ ಸೀರೆ ಉಟ್ಟು ಅಬ್ಬಲಿಗೆ ಮುಡಿದಳು. ನಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಬೇರೆ ಮಕ್ಕಳು ಸಮುದ್ರ, ಬಸ್ಸಿನ ಹಾರ್ನು, ರಸ್ತೆಯ ದನ ಎಂದೆಲ್ಲ ಹೇಳಿದರು. ನಾವೂ ನಕ್ಕೆವು. ಕಡೆಗೆ ಲೇನಾ ಬಂದಳು. ಹಿಂದಿನ ಪರದೆಯ ಮೇಲೆ ನನ್ನ ಹೆಂಡತಿ ಕಾಣಿಸಿಕೊಂಡಳು. ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ ಫೋಟೋ. ಹುಡುಗಿ ಓದುತ್ತ ಹೋದಳು, ಮಾಸ್ತರರು ಕನ್ನಡದಲ್ಲಿ ಹೇಳುತ್ತ ಹೋದರು.

"ಈ ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಅನ್ನವಿರಲಿಲ್ಲ. ತಾಯಿ ನಮಗೆ ಬಡಿಸಿದರು, ತಾವು ಊಟಕ್ಕೆ ಕೂರಲಿಲ್ಲ. ಅದು ತಿಳಿದ ಕೂಡಲೇ ನಾವು ಅರ್ಧ ಊಟವನ್ನು ಅವರಿಗಾಗಿ ಉಳಿಸಿ ಎದ್ದೆವು. ಹಸಿವಿನಲ್ಲೂ ಅವರು ನಗುತ್ತಿದ್ದರು. ಬಡವರು ನಮಗಿಂತ ಸುಖವಾಗಿದ್ದಾರೆ."

ಚಪ್ಪಾಳೆ. ಅಂಕೋಲೆಯವರದ್ದೇ ಚಪ್ಪಾಳೆ! ಮನೆಯಲ್ಲಿ ಬಂದವರಿಗೆ ಬಡಿಸಿ ಆಮೇಲೆ ಉಣ್ಣುವವರೇ ಎಲ್ಲರೂ, ಒಬ್ಬರಾದರೂ ಹಾಗಲ್ಲ ಎನ್ನಲಿಲ್ಲ. ನನ್ನ ಹೆಂಡತಿ ಪರದೆಯನ್ನೇ ನೋಡುತ್ತ ಸಣ್ಣಗೆ ಕೇಳಿದಳು: "ಹಂಗಾರೆ ಅವ್ರು ಬಿಟ್ಟದ್ದು ನಂಗೆ ಅಂತಾ? ಎಂಜಲು?"

ಅಷ್ಟರಲ್ಲಿ ನಮ್ಮಿಬ್ಬರನ್ನು ವೇದಿಕೆಗೆ ಕರೆದರು. ಸನ್ಮಾನವೆಂದರೆ ಶಾಲು ಎಂದುಕೊಂಡಿದ್ದೆ. ಅಲ್ಲಿದ್ದದ್ದು ಕೆಂಪು ರಿಬ್ಬನ್ ಕಟ್ಟಿದ ಅಕ್ಕಿ ಚೀಲ. ನನ್ನ ಮನೆಗೆ ಅಕ್ಕಿ! ನಾನು ಒಬ್ಬನೇ ಹತ್ತಿ ಹೋದೆ. ಚೀಲ ಮುಟ್ಟಲಿಲ್ಲ. ಮೈಕು ಮಾಸ್ತರರ ಕೈಯಲ್ಲಿತ್ತು, ನನಗೆ ಅದು ಬೇಕಾಗಲೂ ಇಲ್ಲ.

"ಮಾಸ್ತರೆ, ನಿಮ್ಮನೆ ಕೆಲ್ಸಕ್ಕೆ ಬಂದಾಗ ನಿಮ್ಮ ಆಯಿ ನಂಗೆ ಬಡಸ್ತಿದ್ರು. ನನ್ನ ಸಂಗಡ ಒಂದಿನಾ ಆದ್ರೂ ಉಣ್ಣೂಕೆ ಕೂತಿದ್ರಾ?"

"ಮೇಸ್ತ್ರಿಗಳೆ, ಆಮೇಲೆ ಮಾತಾಡ್ವಾ."

"ಅವ್ರ ಮನೆಲಿ ಅಕ್ಕಿ ಇಲ್ಲ ಅಂತ ನಾ ಚೀಲ ಹೊತ್ಕಂಡ್ ಬಂದಿದ್ನಾ?"

ಅವರು ಮೈಕಿಗೆ ಕೈ ಅಡ್ಡ ಹಿಡಿದರು. "ಹಂಗಲ್ಲ. ಅದು ಆ ಮಕ್ಕಳ ಅನುಭವ. ಅನುಭವನ ನಾವು ತಿದ್ದೂಕೆ ಹೋಗ್ಬಾರ್ದು."

"ನಾ ಕಟ್ಟಿದ ಗೋಡೆ ವಾಲಿದ್ರೆ ನೀವು ಅದನ್ನ ಗೋಡೆಯ ಅನುಭವ ಅಂತ ಬಿಡ್ತಿದ್ರಾ? ಒಡ್ಸಿ ಮತ್ತೆ ಕಟ್ಟಿಸ್ತಿರ್ಲಿಲ್ವಾ? ಹುಡ್ಗೀಗೆ ಗೊತ್ತಿಲ್ಲ, ಅವ್ಳು ದೂರದವ್ಳು. ನಿಮ್ಗೆ ಗೊತ್ತಿತ್ತಲ್ಲಾ!"

ಹಿಂದಿನ ಬೆಂಚಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಲೇನಾ ಏನೆಂದು ಕೇಳಿದಳು. ಮಾಸ್ತರರು ಮುಖ ಕೆಂಪು ಮಾಡಿಕೊಂಡು ಕಡೆಗೂ ಅವಳಿಗೆ ವಿವರಿಸಿದರು. ಅವಳು ವೇದಿಕೆಯಿಂದ ಇಳಿದು ನೇರವಾಗಿ ನನ್ನ ಹೆಂಡತಿಯ ಹತ್ತಿರ ಹೋಗಿ, ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ಭಾಷೆ ತಿಳಿಯದಿದ್ದರೂ ಕ್ಷಮೆ ಕೇಳುವುದು ತಿಳಿಯುತ್ತದೆ. ಹೆಂಡತಿ ಮಾಸ್ತರರಿಗೆ ಹೇಳಿದಳು: "ಬಾಯಲ್ಲಿ ಬೇಡ ಅಂತ ಹೇಳಿ. ನಾಳೆ ಬಂದು ಎಲೆ ಖಾಲಿ ಮಾಡೂಕೆ ಹೇಳಿ."

ಮರುದಿನ ಇಬ್ಬರೂ ಬಂದರು, ಲೇನಾ ಮತ್ತು ಮಾಸ್ತರರು. ಈ ಸಲ ಮೇಜು ಜಾಗದಲ್ಲೇ ಇತ್ತು. ಹುಡುಗಿ ಬಂಗಡೆಯ ಮುಳ್ಳನ್ನೂ ಚೀಪಿ ಉಂಡಳು. ಬೇಡ ಎನ್ನಲಿಲ್ಲ, ಎರಡು ಸಲ ಸಾರು ಹಾಕಿಸಿಕೊಂಡಳು. ನನ್ನ ಎದೆಯ ಭಾರ ಇಳಿಯುತ್ತ ಬಂತು. ಆಗ ಅವಳು ಕೈ ನಿಲ್ಲಿಸಿ ಏನೋ ಕೇಳಿದಳು. ಮಾಸ್ತರರು ತಡೆದು ತಡೆದು ಕನ್ನಡದಲ್ಲಿ ಹೇಳಿದರು:

"ಇವತ್ತು ನಾನು ಬಂದವ್ಳು, ಅದ್ಕೆ ಮೊದ್ಲು ಉಂಡೆ. ನಾಳೆ ನಾನಿಲ್ಲ. ನಾಳೆ ಯಾರು ಮೊದ್ಲು ಉಣ್ಣೂದು? ಅಂತ ಕೇಳ್ತಾಳೆ."

ಇದು ಎಂಥ ಪ್ರಶ್ನೆ! ಎರಡು ಊಟ ಉಂಡವಳಿಗೆ ನಮ್ಮ ಮನೆಯ ನಾಳೆಯ ಚಿಂತೆ ಯಾಕೆ? ನನಗೆ ಮತ್ತೆ ಸಿಟ್ಟು ಏರಿತು. ಮಾಸ್ತರರು ತಲೆ ತಗ್ಗಿಸಿ ಅನ್ನ ಕಲೆಸತೊಡಗಿದರು. ಹೆಂಡತಿ ಮಾತ್ರ ನಗುತ್ತ ಹುಡುಗಿಯ ಎಲೆಗೆ ಇನ್ನೊಂದು ತುಂಡು ಹಾಕಿ, "ತಣ್ಣಗಾಗ್ತದೆ, ತಿನ್ನು ಲೀಲಾ" ಎಂದಳು.

ಇವತ್ತು ಇಷ್ಟನ್ನೆಲ್ಲ ನೆನೆಯುತ್ತ ಕೂತಿರುವಾಗ ಮಾಸ್ತರರದ್ದೇ ಫೋನು ಬಂತು. ಹೊಸ ತಂಡ ಬಂದಿದೆಯಂತೆ. "ಈ ಸಲ ಎಲ್ಲಾ ಮೊದ್ಲೇ ಹೇಳ್ಕೊಟ್ಟಿದ್ದೆ, ಮೇಸ್ತ್ರಿಗಳೆ. ನಿಮ್ಮನೆಗೇ ಕರ್ಕಂಡ್ ಬರ್ಲಾ?" ನಾನು ಫೋನಿಗೆ ಕೈ ಮುಚ್ಚಿ, ಎರಡು ಮಾತು ಬಿಗಿಯಾಗಿಯೇ ಅನ್ನಬೇಕೆಂದು ಒಳಗೆ ನೋಡಿದೆ. ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು.

"ಬರೂಕೆ ಹೇಳಿ. ಅಡ್ಗೆ ನಾ ಮಾಡ್ತೆ. ಮಾಡಿ, ಆ ಮಕ್ಕಳ ಸಂಗಡ ಕೂತ್ಕಂಡು ಉಣ್ತೆ. ಬಡ್ಸೂದು ನೀವು."

"ನಾನಾ?"

"ಮದ್ವೆ ಮನೆಲಿ ಪಂಚೆ ಎತ್ತಿ ಕಟ್ಕಂಡು ಊರಿಗೆಲ್ಲ ಬಡಸ್ತ್ರಿ. ಮನೆಲಿ ಬಡ್ಸಿದ್ರೆ ಕೈ ಸವೀತದಾ?"

ಸಿಟ್ಟು ಬಂದದ್ದು ಹೌದು. ಆದರೆ ಯಾರ ಮೇಲೆ ಹಾಯಬೇಕೆಂದು ಅದಕ್ಕೇ ತಿಳಿಯಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳು ಬಿಸಿ ಸಾರು ಉಂಡದ್ದನ್ನು ಯಾವಾಗ ನೋಡಿದೆ ಎಂದು ನೆನಪು ಮಾಡಿಕೊಳ್ಳಲು ಹೋದೆ. ಫೋನಿನಲ್ಲಿ ಮಾಸ್ತರರು ಹಲೋ, ಹಲೋ ಎನ್ನುತ್ತಿದ್ದರು.

"ಬನ್ನಿ ಮಾಸ್ತರೆ" ಎಂದೆ. "ನೀವೂ ಬರ್ಲೇಬೇಕು. ಆದ್ರೆ ಹೊಟ್ಟೆಗೆ ಏನಾದ್ರೂ ಹಾಕ್ಕಂಡ್ ಬನ್ನಿ. ನಂದೂ ನಿಮ್ದೂ ಕಡೇ ಪಂಕ್ತಿ."